ಎರಡೂವರೆಯ ಉಪ್ಪಿಟ್ಟು

ರಾತ್ರಿ ಎರಡೂವರೆ.
ಜೋಗಿಮಟ್ಟಿ ರಸ್ತೆಯ ನಾಯಿಗಳಿಗೂ ನಿದ್ದೆ.
ನಮ್ಮ ಅಡುಗೆಮನೆಯಲ್ಲಿ ಮಾತ್ರ
ಸಾಸಿವೆ ಸಿಡಿಯುತ್ತಿದೆ.
ಇಬ್ಬರೂ ಎದ್ದು ಕೂತಿದ್ದಾರೆ, ಕಣ್ಣು ನಿಗಿನಿಗಿ.
ಮೈ ಮೊನ್ನೆಯೇ ದುರ್ಗಕ್ಕೆ ಬಂದಿಳಿದಿದೆ,
ಹೊಟ್ಟೆ ಇನ್ನೂ ನ್ಯೂಜಿಲೆಂಡಿನಲ್ಲೇ.
ಅಲ್ಲೀಗ ಒಂಬತ್ತು ಗಂಟೆ, ತಿಂಡಿಯ ಹೊತ್ತು.

"ಕರಿಬೇವು ಹಾಕಬೇಡಮ್ಮ" ಎನ್ನುತ್ತಾಳೆ ಇಂಪನ,
ಹನ್ನೊಂದು ದಿನ ಕರಿಬೇವಿನ ಮುಖ ಕಾಣದವಳು.

ಏಳು ವರ್ಷ ಕಟ್ಟಿದ ಚೀಟಿ ಅದು.
ಎತ್ತಿದ ದಿನ ಓರಗಿತ್ತಿ ಬಂದು ಕೂತಿದ್ದಳು:
"ಎರಡೆಳೆ ಸರ ಮಾಡಿಸ್ಕಾಬಾರ್ದಿತ್ತೇನೆ?
ಮೂರೂವರೆ ವರ್ಷದ್ದಕ್ಕೆ ಏನು ನೆನಪಿರ್ತತೆ?
ಕುರಿ ನೋಡಾಕೆ ಅಷ್ಟು ದೂರ ಯಾಕೆ,
ಚಳ್ಳಕೆರೆ ಬಸ್ ಹತ್ತಿದ್ರೆ ಸಾಕಿತ್ತು."
ನಾನು ಯಾರದೋ ರವಿಕೆಗೆ ಕೊಕ್ಕೆ ಹೊಲಿಯುತ್ತಿದ್ದೆ.
ಹಲ್ಲಿನಲ್ಲಿ ದಾರವಿತ್ತು.
ಅದೇ ನೆಪ, ಮಾತಾಡಲಿಲ್ಲ.

ಪಾಲಯ್ಯನ ವಿಷಯ ಹೇಳಬೇಕು.
ಎಂಬತ್ತು ಮೀಟರ್ ಗಾಳಿಗಂಬದೊಳಗೆ
ಏಣಿ ಹತ್ತಿ, ನೆತ್ತಿಯಲ್ಲಿ ಕೂತು ಬುತ್ತಿ ಬಿಚ್ಚುವ ಗಂಡಸು.
ವಿಮಾನ ನೆಲ ಬಿಟ್ಟಾಗ ನನ್ನ ಮಣಿಕಟ್ಟು ಹಿಡಿದದ್ದು
ಎರಡು ಬಳೆ ಒಡೆಯುವ ಹಾಗೆ.
"ಅಲ್ಲಿ ಹಗ್ಗ ನನ್ನ ಸೊಂಟದಾಗಿರ್ತತೆ" ಎಂದ ಕಣ್ಣು ಮುಚ್ಚಿಯೇ,
"ಇಲ್ಲಿ ಯಾರ ಕೈಯಾಗೈತೋ."

ಓಬಿಗೆ ಕಿವಿನೋವು. ಬೆಲ್ಲದ ಚೂರು ಚೀಪಿಸಿದೆ.
ಬೆಲ್ಲ ಕರಗಿತು, ಅಳು ಕರಗಲಿಲ್ಲ.
ಮುಂದಿನ ಸೀಟಿನ ಬಿಳಿ ಕೂದಲು ಮೂರು ಸಲ ತಿರುಗಿ ನೋಡಿತು.
ನಾಲ್ಕನೇ ಸಲ
ಒಂದು ಕಾಗದದ ಕಪ್ಪೆ ಸೀಟಿನ ಸಂದಿಯಿಂದ ಇಣುಕಿತು,
ಒತ್ತಿದರೆ ಹಾರುವಂಥದ್ದು.
ಯಾವ ಭಾಷೆಯ ಅಜ್ಜಿಯೋ, ಕೇಳಲು ಬರಲಿಲ್ಲ.
ಕಪ್ಪೆಯ ಬೆನ್ನು ಹರಿಯುವವರೆಗೆ
ಸಮುದ್ರದ ಮೇಲೆ ಎರಡು ತಾಸು ಶಾಂತಿ.
ಆಮೇಲೆ ಅವನು ಅಪ್ಪನ ಹೊಸ ಅಂಗಿಯ ಮೇಲೆ
ಕುಡಿದದ್ದೆಲ್ಲ ಕಕ್ಕಿದ.

ಇಳಿದಲ್ಲಿ ಕೇಳಿದರು: ಬೀಜ ಇದೆಯಾ, ಮಣ್ಣು ಇದೆಯಾ?
ಶೇಂಗಾ ಚಟ್ನಿಪುಡಿಯನ್ನು ಮೂಸಿ ಬಿಟ್ಟರು.
ಬೂಟಿನ ತಳ ತಿರುಗಿಸಿದರು.
ಕಲ್ಲಿನ ಕೋಟೆಯ ಕೆಂಪು ಮಣ್ಣನ್ನು
ಕೈಗವಸು ತೊಟ್ಟ ಹುಡುಗಿ ಬ್ರಷ್ ಹಾಕಿ ತೊಳೆದು
ನಾಲ್ಕು ಜೊತೆ ಒದ್ದೆ ಬೂಟು ವಾಪಸ್ ಕೊಟ್ಟಳು.
ನಮ್ಮೂರಿನಲ್ಲಿ ಯಾರೂ
ನಮ್ಮ ಬೂಟು ತೊಳೆದುಕೊಟ್ಟಿರಲಿಲ್ಲ.
ಕೊನೆಗೆ ಓಬಿಯ ಚಡ್ಡಿ ಜೇಬಿನಿಂದ
ಐದು ಹುಣಸೆ ಬೀಜ.
ಒಂದು ಬದಿ ನೆಲಕ್ಕೆ ಉಜ್ಜಿ ಬಿಳಿ ಮಾಡಿದವು,
ಚೌಕಾಬಾರದವು. ಅಕ್ಕನೇ ಉಜ್ಜಿಕೊಟ್ಟವು.
ಅವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಮುಚ್ಚಿದರು.
ಅವನು ಬಾಯಿ ತೆರೆದ.
ಹದಿನಾಲ್ಕು ತಾಸಿನ ಕಿವಿನೋವಿಗೂ
ಅಷ್ಟು ಅತ್ತಿರಲಿಲ್ಲ.

ಅಲ್ಲಿನ ಕೆರೆ ನೀಲಿ, ನಿಜ. ಗುಡ್ಡಕ್ಕೆ ಹಿಮ, ನಿಜ.
ಕುರಿಗಳು ಒಗೆದು ಹಾಕಿದ ಹಾಗಿದ್ದವು.
ಫೋಟೋದಲ್ಲಿ ಎಲ್ಲ ಇದೆ.
ಮಕ್ಕಳನ್ನು ಕೇಳಿ ನೋಡಿ:
ಅವಳಿಗೆ ವಿಮಾನದ ಕಕ್ಕಸು ನೀರು ನುಂಗುವ ಸದ್ದು,
ಅವನಿಗೆ ಆ ಐದು ಬೀಜ.

ತಟ್ಟೆ ಹಿಡಿದು ಮಾಳಿಗೆಗೆ ಬಂದೆವು.
ಗುಡ್ಡದ ಮೇಲೆ ಕೆಂಪು ದೀಪಗಳು
ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತಿವೆ.
"ಆ ವಿಮಾನಗಳು ಯಾಕೆ ಹೋಗ್ತಿಲ್ಲ?"
ಪಾಲಯ್ಯ ಎಣಿಸಿ ನೋಡಿದ.
"ಏಳನೇದ್ರ ದೀಪ ಕೆಟ್ಟೈತೆ, ನಾಳೆ ಹತ್ತಬೇಕು."
ಕೈಯಲ್ಲಿ ಉಪ್ಪಿಟ್ಟು, ಕಣ್ಣು ಆಗಲೇ ಕೆಲಸದ ಮೇಲೆ.

"ಹುಣಸೆ ಮರಕ್ಕೆ ಹೋಗಾನ" ಎಂದ ಓಬಿ.
"ಬೀಜ ಆರಿಸಾನ."
ಬೆಳಕಾಗಲಿ ಕಂದ, ಎಂದೆ.

"ಅಲ್ಲಿ ಬೆಳಕಾಗೈತೆ" ಎಂದ,
ಬಾಯಿ ತುಂಬ ಉಪ್ಪಿಟ್ಟು ಇಟ್ಟುಕೊಂಡು.